ಮಡಚುವ ಅಳಗುಳಿಮಣೆ, ಬಟ್ಟೆಯ ಚೌಕಾಬಾರ: ಕೊಳ್ಳುವವರಿಗೊಂದು ವಿಮರ್ಶೆ

ಪಾರಂಪರಿಕ ಆಟಗಳೆಂಬ ಹಣೆಪಟ್ಟಿಯಡಿ ಕರಕುಶಲ ಮೇಳಗಳಲ್ಲೂ ಅಂತರ್ಜಾಲದ ಅಂಗಡಿಗಳಲ್ಲೂ ಈಗ ಧಾರಾಳವಾಗಿ ಸಿಗುವ ಎರಡು ಸಾಮಾನುಗಳನ್ನು ಇಲ್ಲಿ ಪರಿಶೀಲಿಸಿದ್ದೇನೆ. ಒಂದು, ಗುಳಿಯಿಂದ ಗುಳಿಗೆ ಕಾಯಿ ಹಂಚುತ್ತ ಇಬ್ಬರು ಆಡುವ ಅಳಗುಳಿಮಣೆ; ಇದು ಮರದ್ದು, ನಡುವೆ ಕೀಲು ಹಾಕಿ ಪೆಟ್ಟಿಗೆಯಂತೆ ಮಡಚುವಂಥದ್ದು. ಇನ್ನೊಂದು, ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರ, ಹತ್ತಿಬಟ್ಟೆಯ ಮೇಲೆ ಅಚ್ಚು ಹಾಕಿದ್ದು. ಎರಡನ್ನೂ ಬೆಂಗಳೂರಿನ ಕರಕುಶಲ ಮೇಳವೊಂದರಲ್ಲಿ ಕೊಂಡೆವು. ಮಣೆಗೆ ಒಂದೂವರೆ ಸಾವಿರ ರೂಪಾಯಿಯೊಳಗೆ, ಬಟ್ಟೆಗೆ ಅದರ ಮೂರರಲ್ಲೊಂದು ಪಾಲು ಬೆಲೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಹೇಳಹೊರಟಿರುವ ಗುಣದೋಷಗಳು ಒಬ್ಬರ ಮಾಲಿಗೆ ಸೀಮಿತವಾದವಲ್ಲ. ಬೇರೆ ಮಳಿಗೆಗಳಲ್ಲಿ ಕೈಗೆತ್ತಿಕೊಂಡು ನೋಡಿದ ಮಣೆಗಳೂ ಹೆಚ್ಚುಕಡಿಮೆ ಇದೇ ಜಾಡಿನವು. ಆಟದ ಸಾಮಾನಿನ ವಿಮರ್ಶೆಯಲ್ಲಿ ಕುಟುಂಬದ ಮಾತು ಹೆಚ್ಚಾಯಿತೆಂದು ಓದುಗರಿಗೆ ಅನ್ನಿಸಬಹುದು. ಆದರೆ ಕೀಲಿನಿಂದ ಹಿಡಿದು ನಿಯಮದ ಚೀಟಿಯವರೆಗೆ ಮಣೆಯ ಒಂದೊಂದು ವಿವರವೂ ಯಾವುದೋ ಒಂದು ಬಗೆಯ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿದೆ. ಆ ಮನೆ ಯಾವುದೆಂದು ತಿಳಿಯದೆ ಮಾಲಿಗೆ ಬೆಲೆ ಕಟ್ಟಲಾಗದು.

ಮೊದಲು ಕೆಲಸಗಾರಿಕೆ. ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳಿವೆ. ಯಂತ್ರದಲ್ಲಿ ಕೊರೆದ ಈ ಗುಳಿಗಳು ಒಂದೇ ಅಳತೆಯಲ್ಲಿದ್ದು ಅಂಚು ನಯವಾಗಿದೆ; ಬೆರಳಿಗೆ ಸಿಬಿರು ಚುಚ್ಚುವ ಭಯವಿಲ್ಲ. ಹಿತ್ತಾಳೆಯ ಕೀಲು ಗಟ್ಟಿಯಾಗಿದೆ, ಮಡಚಿದಾಗ ಕಾಯಿಗಳು ಒಳಗೇ ಉಳಿಯುತ್ತವೆ, ಪುಸ್ತಕದ ಕಪಾಟಿನಲ್ಲಿ ನಿಲ್ಲಿಸಿಡಬಹುದು. ಕೊರತೆಯಿರುವುದು ಆಳದಲ್ಲಿ. ಹಳೆಯ ಮಣೆಗಳನ್ನು ಹಲಸಿನಂಥ ಮರದ ಒಂದೇ ತುಂಡಿನಲ್ಲಿ ಕಡೆಯುತ್ತಿದ್ದುದರಿಂದ ಗುಳಿ ಆಳವಾಗಿ, ಅಗಲವಾಗಿ, ದೊಡ್ಡವರ ನಾಲ್ಕು ಬೆರಳು ಒಮ್ಮೆಗೇ ಇಳಿದು ಇದ್ದದ್ದನ್ನೆಲ್ಲ ಬಾಚಿಕೊಂಡು ಬರುವಷ್ಟು ಜಾಗವಿರುತ್ತಿತ್ತು. ಇಲ್ಲಿ ಮಡಚುವ ಅನುಕೂಲಕ್ಕಾಗಿ ಹಲಗೆಯ ದಪ್ಪ ತಗ್ಗಿಸಿದ್ದರಿಂದ ಗುಳಿಯೂ ತಗ್ಗಿದೆ. ಹತ್ತು ಹನ್ನೆರಡು ಕವಡೆ ಕೂಡಿದರೆ ಮೇಲಿನವು ಪಕ್ಕದ ಗುಳಿಗೆ ಜಾರುತ್ತವೆ, ಯಾರ ಕಾಯಿ ಎಲ್ಲಿತ್ತೆಂಬ ತಕರಾರು ಏಳುತ್ತದೆ. ಕಾಯಿಗಳು ಕೂಡಿ ರಾಶಿಯಾಗುವುದೇ ಈ ಆಟದ ಸ್ವಾರಸ್ಯವಾದ್ದರಿಂದ ಇದನ್ನು ಸಣ್ಣ ದೋಷವೆಂದು ತಳ್ಳಿಹಾಕುವಂತಿಲ್ಲ. ನಾವು ಕವಡೆಯನ್ನು ಎತ್ತಿಟ್ಟು ಹುಣಸೆಬೀಜ ಬಳಸತೊಡಗಿದ ಮೇಲೆ ತೊಂದರೆ ಬಹಳಮಟ್ಟಿಗೆ ನೀಗಿತು.

ಕಾಯಿಗಳ ವಿಚಾರದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹಿಂದೆ ಅನೇಕ ಮನೆಗಳಲ್ಲಿ ಗುಲಗಂಜಿಯಿಂದಲೂ ಆಡುತ್ತಿದ್ದರು, ಈಗಲೂ ಕೆಲವು ಮಾರಾಟಗಾರರು ಅಂದಕ್ಕೆಂದು ಅದನ್ನೇ ಕೊಡುತ್ತಾರೆ. ಕೆಂಪು ಮೈ, ಕಪ್ಪು ಕಣ್ಣಿನ ಆ ಬೀಜದೊಳಗೆ ಪ್ರಾಣಾಂತಿಕವಾಗಬಲ್ಲ ವಿಷವಿದೆ; ಅಗಿದು ನುಂಗಿದರೆ ಮಗುವಿನ ಜೀವಕ್ಕೇ ಅಪಾಯ. ಹತ್ತಾರು ಜನರಿದ್ದ ಮನೆಯಲ್ಲಿ ಮಗುವಿನ ಕೈ ಬಾಯಿಗೆ ಹೋಗುವುದನ್ನು ಯಾರಾದರೊಬ್ಬರು ನೋಡುತ್ತಿದ್ದರು ಎಂದು ಹಿರಿಯರು ಹೇಳುವುದುಂಟು. ಅದು ಎಷ್ಟರಮಟ್ಟಿಗೆ ನಿಜವೋ, ಇಂದಿನ ಮನೆಯಲ್ಲಂತೂ ಒಬ್ಬರು ಅಡುಗೆಮನೆಯಲ್ಲಿದ್ದು ಇನ್ನೊಬ್ಬರು ಕಚೇರಿಯ ಮೀಟಿಂಗಿನಲ್ಲಿರುವ ಹೊತ್ತಿಗೆ ಮಗು ಒಂಟಿಯಾಗಿಯೇ ಪೆಟ್ಟಿಗೆ ತೆರೆಯುತ್ತದೆ. ಆದ್ದರಿಂದ ಗುಲಗಂಜಿಯಿರುವ ಮಣೆಯನ್ನು ಚಿಕ್ಕ ಮಕ್ಕಳಿರುವ ಮನೆಗೆ ತರಬಾರದು. ನಾವು ಕೊಂಡದ್ದರಲ್ಲಿ ಕವಡೆಗಳಿದ್ದವು. ಅವು ವಿಷವಲ್ಲ, ಆದರೆ ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರದವು. ಮೂರು ವರ್ಷದೊಳಗಿನವರ ಕೈಗೆ ಸಿಗದಂತೆ ಇಡಬೇಕು.

ಪೆಟ್ಟಿಗೆಯ ಮೇಲೆ ನಗುತ್ತಿರುವ ಪುಟ್ಟ ಹುಡುಗಿಯ ಚಿತ್ರವಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಎಂದಿದೆ. ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿ 2021ರ ಜನವರಿ 1ರಿಂದ ಜಾರಿಗೆ ತಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ತಯಾರಾದ ಸಾಮಾನಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುಣಮಟ್ಟದ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ವಿನಾಯಿತಿ ಉಂಟು. ಚಿತ್ರಕ್ಕೂ ಬರಹಕ್ಕೂ ತಾಳೆಯಿಲ್ಲದಿರುವುದಕ್ಕೆ ಈ ಆದೇಶವೇ ಕಾರಣವಿರಬಹುದೆಂದು ನನ್ನ ಊಹೆ. ಸ್ವಾರಸ್ಯವೆಂದರೆ ಸಣ್ಣ ಅಕ್ಷರದ ಬರಹವೇ ಆಟದ ಚರಿತ್ರೆಗೆ ಹೆಚ್ಚು ಹತ್ತಿರವಾಗಿದೆ. ಅಳಗುಳಿಮಣೆ ಮೂಲತಃ ಮಕ್ಕಳ ಆಟಿಕೆಯಲ್ಲ. ಮನೆಯ ದೊಡ್ಡವರು, ಅದರಲ್ಲೂ ಹೆಂಗಸರು, ಆಡುತ್ತಿದ್ದ ಆಟವದು. ಮಕ್ಕಳು ಪಕ್ಕದಲ್ಲಿ ಕುಳಿತು ನೋಡಿ ನೋಡಿ ಕಲಿತು, ಜಾಗ ಖಾಲಿಯಾದಾಗ ಕೈಹಾಕುತ್ತಿದ್ದರು. ಮಗುವಿಗಾಗಿಯೇ ಕೊಂಡು, ಮಗುವಿಗಾಗಿಯೇ ಬಿಡುವು ಮಾಡಿಕೊಂಡು, ದೊಡ್ಡವರು ಶಿಕ್ಷಕರಂತೆ ಎದುರು ಕೂರುವ ಪದ್ಧತಿ ನಮ್ಮ ಕಾಲದ್ದು.

ಈ ಪದ್ಧತಿಯನ್ನು ತಯಾರಕರು ಚೆನ್ನಾಗಿ ಬಲ್ಲರೆಂಬುದಕ್ಕೆ ಒಳಗಿರುವ ನಿಯಮದ ಚೀಟಿಯೇ ಸಾಕ್ಷಿ. ಅದರ ಅರ್ಧ ಭಾಗದಲ್ಲಿ ಆಟದಿಂದಾಗುವ ಲಾಭಗಳ ಪಟ್ಟಿಯಿದೆ: ಏಕಾಗ್ರತೆ ಬೆಳೆಯುತ್ತದೆ, ಗಣಿತದ ಭಯ ಹೋಗುತ್ತದೆ, ಬೆರಳಿನ ಹಿಡಿತ ಸುಧಾರಿಸುತ್ತದೆ, ಯೋಜನಾ ಸಾಮರ್ಥ್ಯ ಹೆಚ್ಚುತ್ತದೆ. ಇವುಗಳಲ್ಲಿ ಸುಳ್ಳು ಯಾವುದೂ ಇಲ್ಲದಿರಬಹುದು. ಗುಳಿಯಲ್ಲಿರುವ ಕಾಯಿಯನ್ನು ಮುಟ್ಟದೆ ಕಣ್ಣಳತೆಯಿಂದ ಎಣಿಸಿ, ಇಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆಂದು ಲೆಕ್ಕ ಹಾಕುವ ಮಗುವಿಗೆ ಕೂಡುವ ಕಳೆಯುವ ಅಭ್ಯಾಸ ತಾನಾಗಿಯೇ ಆಗುತ್ತದೆ. ಆದರೂ ಆಟಕ್ಕೆ ಇಷ್ಟೊಂದು ಸಮರ್ಥನೆ ಬೇಕಾದದ್ದು ಯಾವಾಗಿನಿಂದ ಎಂಬ ಪ್ರಶ್ನೆ ಉಳಿಯುತ್ತದೆ. ಶಾಲೆ, ಟ್ಯೂಷನ್, ಸಂಗೀತ, ಈಜು, ಅಬಾಕಸ್ ಎಂದು ವಾರವಿಡೀ ಹಂಚಿಹೋದ ಬಾಲ್ಯದಲ್ಲಿ ಸುಮ್ಮನೆ ಆಡುವ ಒಂದು ಗಂಟೆಯೂ ತನ್ನ ಪ್ರಯೋಜನವನ್ನು ರುಜುವಾತು ಮಾಡಬೇಕಾಗಿದೆ. ಶಿಕ್ಷಣ ನೀತಿಯ ಒಲವೂ ಅದೇ ದಿಕ್ಕಿನಲ್ಲಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಆಟಿಕೆ ಆಧಾರಿತ ಕಲಿಕೆಯೆಂಬ ಮಾತು ಪ್ರಚಾರಕ್ಕೆ ಬಂದು, 2023ರಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗೆಂದು ‘ಜಾದೂಯಿ ಪಿಟಾರ’ ಎಂಬ ಕಲಿಕಾ ಪೆಟ್ಟಿಗೆಯೂ ಬಿಡುಗಡೆಯಾಯಿತು. ಆಟಗಳು ತರಗತಿಗೆ ಬಂದದ್ದು ಒಳ್ಳೆಯದೇ. ಮನೆಯ ಆಟವೂ ತರಗತಿಯಾದರೆ ಮಗುವಿಗೆ ಉಳಿಯುವುದೇನು ಎಂಬುದು ಮಾತ್ರ ಯೋಚಿಸಬೇಕಾದ ಸಂಗತಿ.

ಚೀಟಿಯ ಇನ್ನರ್ಧದಲ್ಲಿ ನಿಯಮಗಳಿವೆ. ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕರ್ನಾಟಕದಲ್ಲಿ ತಯಾರಾಗಿ ಕರ್ನಾಟಕದಲ್ಲೇ ಮಾರಾಟವಾಗುವ ಅಳಗುಳಿಮಣೆಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಸಲಾಗದೆ ಹೋದದ್ದು ಅಕ್ಷಮ್ಯ. ಅದಕ್ಕಿಂತ ಮುಖ್ಯವಾದದ್ದು, ನಿಯಮಗಳನ್ನು ಮೊಟಕುಗೊಳಿಸಿರುವ ರೀತಿ. ನಮ್ಮ ಮನೆಯಲ್ಲಿ ಆಡುವ ಕ್ರಮದಲ್ಲಿ ಗುಳಿಗೆ ಐದರಂತೆ ಎಪ್ಪತ್ತು ಕಾಯಿ. ತನ್ನ ಸಾಲಿನ ಒಂದು ಗುಳಿಯನ್ನು ಬರಿದು ಮಾಡಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯನ್ನೆತ್ತಿ ಮುಂದುವರಿಯಬೇಕು. ಮುಂದಿನದು ಬರಿದಾಗಿದ್ದರೆ ಅದನ್ನು ಬೆರಳಿನಿಂದ ಸವರಿ ಅದರಾಚೆಯ ಗುಳಿಯಲ್ಲಿರುವುದನ್ನು ಗೆದ್ದುಕೊಳ್ಳಬೇಕು. ಇಷ್ಟನ್ನು ಚೀಟಿ ಸರಿಯಾಗಿಯೇ ವಿವರಿಸಿದೆ. ಆದರೆ ಮಣೆ ಬರಿದಾದ ಕೂಡಲೇ ಎಣಿಸಿ, ಹೆಚ್ಚು ಗೆದ್ದವರೇ ವಿಜಯಿ ಎಂದು ಅದು ಆಟವನ್ನು ಮುಗಿಸಿಬಿಡುತ್ತದೆ. ಅಲ್ಲಿಗೆ ಮುಗಿಯುವುದು ಮೊದಲ ಸುತ್ತು ಮಾತ್ರ. ಗೆದ್ದ ಕಾಯಿಗಳಿಂದ ಇಬ್ಬರೂ ತಮ್ಮ ತಮ್ಮ ಗುಳಿಗಳನ್ನು ಮತ್ತೆ ತುಂಬಬೇಕು, ಕಡಿಮೆ ಬಿದ್ದವರು ತುಂಬಲಾಗದ ಗುಳಿಗಳನ್ನು ಬಿಟ್ಟುಕೊಟ್ಟು ಉಳಿದಷ್ಟರಲ್ಲೇ ಆಡಬೇಕು, ಒಂದು ಗುಳಿ ತುಂಬಲೂ ಗತಿಯಿಲ್ಲದಾದಾಗಲೇ ಸೋಲು. ಏಳು ಗುಳಿಯಿಂದ ಎರಡಕ್ಕಿಳಿದವರು ಮತ್ತೆ ಏರಿ ಬರುವುದುಂಟು. ಆ ಏರಿಳಿತಕ್ಕೆ ಒಂದು ಇಡೀ ಮಧ್ಯಾಹ್ನ ಬೇಕು. ಚೀಟಿಯ ಆಟ ಇಪ್ಪತ್ತು ನಿಮಿಷದ್ದು. ಊಟವಾದ ಮೇಲೆ, ಮಲಗುವ ಮೊದಲು, ಮರುದಿನದ ಶಾಲೆಯ ಬಸ್ಸನ್ನು ನೆನೆಯುತ್ತ ಆಡಿ ಮುಗಿಸಬಹುದಾದ ಆಟ. ಬಿದ್ದವರು ಚೇತರಿಸಿಕೊಳ್ಳುವ ಭಾಗವೇ ಇಲ್ಲದ ಅಳಗುಳಿಮಣೆಯನ್ನು ಮಕ್ಕಳ ಸಹನೆ ಬೆಳೆಸುವ ಸಾಧನವೆಂದು ಮಾರುವುದರಲ್ಲಿರುವ ವ್ಯಂಗ್ಯವನ್ನು ತಯಾರಕರು ಗಮನಿಸಿದಂತಿಲ್ಲ.

ಎದುರು ಕೂರುವವರು ಯಾರು ಎಂಬುದು ಮುಂದಿನ ಪ್ರಶ್ನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1992–93ರಲ್ಲಿ ಸುಮಾರು 2.9 ಇದ್ದದ್ದು 2019–21ರ ಹೊತ್ತಿಗೆ 1.7ಕ್ಕೆ ಇಳಿದಿದೆ. ಅಂಕಿಯನ್ನು ಮನೆಯೊಳಗೆ ತಂದು ನೋಡಿದರೆ, ಅಕ್ಕ ತಮ್ಮ ಇಲ್ಲದ, ಚಿಕ್ಕಪ್ಪನ ಮಕ್ಕಳು ಇನ್ನೊಂದು ಊರಿನಲ್ಲಿರುವ, ಎದುರಾಳಿಯನ್ನು ದೊಡ್ಡವರಲ್ಲೇ ಹುಡುಕಬೇಕಾದ ಮಗು ಕಾಣುತ್ತದೆ. ಹಿಂದೆ ಸಮಸ್ಯೆ ಇದಕ್ಕೆ ತದ್ವಿರುದ್ಧವಾಗಿತ್ತು. ಚೆನ್ನೆಮಣೆಯೆಂಬ ಹೆಸರಿನಲ್ಲಿ ಇದೇ ಆಟವಿರುವ ತುಳುನಾಡಿನಲ್ಲಿ ಒಡಹುಟ್ಟಿದವರು ಎದುರುಬದುರಾಗಿ ಆಡಬಾರದೆಂಬ ನಂಬಿಕೆಯಿದೆ. ತುಳುವರು ಬಾಯಿಂದ ಬಾಯಿಗೆ ಹಾಡಿಕೊಂಡು ಬಂದ ಕಥನಕಾವ್ಯವಾದ ಸಿರಿ ಪಾಡ್ದನದಲ್ಲಿ ಅವಳಿ ಸೋದರಿಯರಾದ ಅಬ್ಬಗ ದಾರಗರು ಚೆನ್ನೆಯಾಡುತ್ತ ಜಗಳಕ್ಕಿಳಿದು, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಂದು, ಕೊನೆಗೆ ತಾನೂ ಬಾವಿಗೆ ಬೀಳುತ್ತಾಳೆ. ತುಂಬಿದ ಮನೆಯಲ್ಲಿ ಒಡಹುಟ್ಟುಗಳ ಪೈಪೋಟಿ ಎಲ್ಲಿಗೆ ಮುಟ್ಟೀತೆಂಬ ಅಳುಕು ಆ ಕಥೆಯ ಹಿಂದಿದೆ. ಹೊಲಗದ್ದೆಯ ಕೆಲಸ ನಿಂತು ಮಳೆ ಹೊಯ್ಯುವ ಆಟಿ ತಿಂಗಳಲ್ಲಿ ಮಾತ್ರ ಮಣೆಯನ್ನು ಅಟ್ಟದಿಂದ ಇಳಿಸಿ, ತಿಂಗಳು ಕಳೆದ ಮೇಲೆ ಮತ್ತೆ ಮೇಲಿಡುವ ಕಟ್ಟಳೆಯೂ ಅಲ್ಲಿತ್ತು. ಯಾವ ಕಾಲಕ್ಕೆ, ಯಾರೊಡನೆ ಎಂಬುದನ್ನು ಊರ ರೂಢಿಯೇ ಗೊತ್ತುಮಾಡುತ್ತಿದ್ದ ಆಟ ಈಗ ವರ್ಷವಿಡೀ, ಯಾರಿಗೆ ಬೇಕಾದರೂ, ಮನೆ ಬಾಗಿಲಿಗೆ ತಲುಪುವ ಮಾಲಾಗಿದೆ. ಇದರಿಂದ ಲಾಭವೂ ಇದೆ. ಕೊಂಡುಕೊಳ್ಳದೆ ಹೋಗಿದ್ದರೆ ನಮ್ಮ ಮಗಳು ಈ ಆಟವನ್ನು ನೋಡುತ್ತಲೇ ಇರಲಿಲ್ಲ.

ಪೆಟ್ಟಿಗೆಯ ಹಿಂಬದಿಯಲ್ಲಿ ಅಜ್ಜಿಯ ಕಾಲದ ಸುಂದರ ದಿನಗಳ ಬಗ್ಗೆ ಒಂದು ಒಕ್ಕಣೆಯಿದೆ. ಅದನ್ನು ಓದಿಸಿಕೊಂಡ ನಮ್ಮ ಅತ್ತೆಯವರು ನಕ್ಕರು. ಮಂಡ್ಯದ ಕಡೆಯ ತವರಿನಲ್ಲಿ ಅವರು ಅಳಗುಳಿಮಣೆಯನ್ನು ಚೆನ್ನಾಗಿ ಕಲಿತದ್ದು, ಮೈನೆರೆದ ಮೇಲೆ ಹೊಸಿಲು ದಾಟಬಾರದೆಂದು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದ ಕಾಲದಲ್ಲಿ. ಅದೇ ವಯಸ್ಸಿನ ಅವರ ಅಣ್ಣಂದಿರು ಹೊರಗೆ ಚಿನ್ನಿದಾಂಡು ಆಡುತ್ತಿದ್ದರು. ಹಳೆಯ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇದ್ದ ಉದ್ದನೆಯ ಮಧ್ಯಾಹ್ನಗಳೆಲ್ಲ ಬಯಸಿ ಪಡೆದ ಬಿಡುವಾಗಿರಲಿಲ್ಲ. ನಮ್ಮ ಮಗಳು ಇಪ್ಪತ್ತು ನಿಮಿಷದಲ್ಲಿ ಆಟ ಮುಗಿಸಿ ಕರಾಟೆ ತರಗತಿಗೆ ಓಡುವುದನ್ನು ನಷ್ಟವೆಂದು ಮಾತ್ರ ಎಣಿಸುವವರು ಈ ಲೆಕ್ಕವನ್ನೂ ಹಿಡಿಯಬೇಕು.

ಬಳಕೆಯ ಅನುಭವಕ್ಕೆ ಬಂದರೆ, ಮಣೆ ನಿಜವಾಗಿ ಆಟವಾದದ್ದು ಚೀಟಿಯನ್ನು ಮಡಚಿಟ್ಟ ಮೇಲೆ. ಆರಂಭದಲ್ಲಿ ನಾನೂ ಮಗಳ ಅಪ್ಪನೂ ಸರದಿಯಂತೆ ಆಡಿದೆವು. ಮಗು ಬೇಸರಿಸಿಕೊಳ್ಳಬಾರದೆಂದು ಇಬ್ಬರೂ ಗುಟ್ಟಾಗಿ ಸೋಲುತ್ತಿದ್ದೆವು, ಅದು ಅವಳಿಗೆ ತಿಳಿಯುತ್ತಲೂ ಇತ್ತು. ಅತ್ತೆಯವರು ಹಾಗೆ ಸೋಲುವವರಲ್ಲ. ಮೊಮ್ಮಗಳ ಗುಳಿಗಳನ್ನು ಒಂದೊಂದಾಗಿ ಮುಚ್ಚಿಸಿ, “ಅಳಬೇಡ ಕಂದ, ಒಂದು ಗುಳಿ ಇದ್ರೂ ಆಡಬಹುದು” ಎಂದು ಮುಂದಿನ ಸುತ್ತಿಗೆ ಕಾಯಿ ಹಂಚುತ್ತಿದ್ದರು. ಹುಡುಗಿ ಅತ್ತಳು, ಮುನಿಸಿಕೊಂಡಳು, ಮರುದಿನ ತಾನೇ ಮಣೆ ತೆಗೆದಿಟ್ಟಳು. ಮೇಲಿನ ಮಹಡಿಯ ಉಡುಪಿ ಕಡೆಯ ಹಿರಿಯರೊಬ್ಬರು ಒಂದು ಸಂಜೆ ಬಂದು, ಗುಳಿಗೆ ಐದು ಹಾಕುವುದು ತಪ್ಪು, ನಾಲ್ಕೇ ಹಾಕಬೇಕು, ಒಟ್ಟು ಐವತ್ತಾರು ಎಂದು ವಾದ ಹೂಡಿದಾಗ ಅತ್ತೆಯವರು ಬಿಟ್ಟುಕೊಡಲಿಲ್ಲ. “ನಿಮ್ಮೂರಲ್ಲಿ ಹಾಗಿರಬಹುದು ರಾಯರೇ, ಇದು ನಮ್ಮ ಮಣೆ” ಎಂದರು. ಕೊನೆಗೆ ಎರಡು ಬಗೆಯಲ್ಲೂ ಒಂದೊಂದು ಆಟ ನಡೆಯಿತು. ಒಬ್ಬರೇ ಆಡಿಕೊಳ್ಳುವ ಸೀತೆಯಾಟವೆಂಬ ಕ್ರಮವನ್ನೂ ಆ ಹಿರಿಯರು ಹುಡುಗಿಗೆ ಹೇಳಿಕೊಟ್ಟರು. ಚೀಟಿಯಲ್ಲಿ ಅದರ ಸುಳಿವೇ ಇಲ್ಲ. ಒಂಟಿ ಮಕ್ಕಳ ಮನೆಗೆ ಮಾರುವವರು ಮೊದಲು ಅಚ್ಚು ಹಾಕಿಸಬೇಕಾಗಿದ್ದದ್ದೇ ಅದನ್ನು. ನಿಯಮವೆಂದರೆ ಮುದ್ರಿತವಾದದ್ದು, ಎಲ್ಲರಿಗೂ ಒಂದೇ ಎಂದು ತಿಳಿದಿದ್ದ ಮಗುವಿಗೆ, ಇಬ್ಬರು ಹಿರಿಯರು ತಮ್ಮ ತಮ್ಮ ಊರಿನ ನಿಯಮಕ್ಕಾಗಿ ಜಗಳವಾಡಿದ್ದು ಬಹಳ ದಿನದ ಮಾತಿಗೆ ವಸ್ತುವಾಯಿತು.

ಎಲ್ಲ ಮನೆಗಳಲ್ಲೂ ಅಜ್ಜಿಯಿರುವುದಿಲ್ಲ, ಇರುವ ಅಜ್ಜಿಯರಿಗೆಲ್ಲ ಆಟ ಗೊತ್ತಿರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ದೂರದರ್ಶನ ಮನೆಮನೆಗೆ ಬಂದ 1980ರ ದಶಕದಲ್ಲಿ ತಾಯಂದಿರಾದವರು ಈಗ ಅಜ್ಜಿಯರು. ಅವರಲ್ಲಿ ಹಲವರ ಮಧ್ಯಾಹ್ನಗಳು ಮಣೆಯಿಂದ ಧಾರಾವಾಹಿಗೆ ಸರಿದು ಬಹಳ ಕಾಲವಾಗಿದೆ. ಹಾಗಾಗಿ ಚೀಟಿ ಬೇಕು, ಆದರೆ ಇನ್ನಷ್ಟು ಉದಾರವಾದ ಚೀಟಿ ಬೇಕು. ಮಾಹಿತಿಗೆ ಕೊರತೆಯೇನೂ ಇಲ್ಲ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ವರ್ಷಗಳಿಂದ ‘ಕ್ರೀಡಾಕೌಶಲ್ಯ’ ಎಂಬ ಹೆಸರಿನಲ್ಲಿ ಮಣೆಯಾಟಗಳ ಪ್ರದರ್ಶನ ನಡೆಸಿಕೊಂಡು ಬಂದಿದೆ. ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಯಾರೋ ಕೆತ್ತಿ ಹೋದ ಆಟದ ಮನೆಗಳನ್ನು ಹಂಪಿಯಿಂದ ಹಿಡಿದು ಹಲವು ಕಡೆ ಇಂದಿಗೂ ಕಾಣಬಹುದು.

ಬಟ್ಟೆಯ ಚೌಕಾಬಾರದ ಬಗ್ಗೆ ಹೇಳುವುದು ಕಡಿಮೆ. ಐದಕ್ಕೈದು ಮನೆ, ಕಾಯಿಗೆ ಏಟು ಬೀಳದ ನಾಲ್ಕು ಕಟ್ಟೆ, ನಡುವೆ ಕಾಯಿ ಗುರಿ ಮುಟ್ಟಿ ಹಣ್ಣಾಗುವ ಮನೆ, ನಾಲ್ಕು ಕವಡೆ, ನಾಲ್ಕು ಬಣ್ಣದ ಮರದ ಕಾಯಿಗಳು. ಅಚ್ಚು ಸ್ಪಷ್ಟವಾಗಿದೆ, ಒಗೆದರೂ ಬಣ್ಣ ಬಿಟ್ಟಿಲ್ಲ. ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹುಣಸೆಬೀಜದ ಒಂದು ಬದಿ ಉಜ್ಜಿ ಬಿಳಿ ಮಾಡಿ, ಬಳೆಯ ಚೂರನ್ನು ಕಾಯಿ ಮಾಡಿಕೊಂಡು ಆಡುತ್ತಿದ್ದ ಆಟಕ್ಕೆ ದುಡ್ಡು ಕೊಡಬೇಕೇ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ನೆಲಕ್ಕೆ ಗೆರೆ ಎಳೆದರೆ ಸಂಘದಿಂದ ನೋಟಿಸ್ ಬರುತ್ತದೆಂಬುದು ಮಾತ್ರ ಉತ್ತರ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮವನ್ನು ಇಲ್ಲಿಯೂ ಚಿಕ್ಕ ಮಕ್ಕಳಿಗೆ ಐಚ್ಛಿಕವೆಂದು ಸಡಿಲಿಸಿದ್ದಾರೆ, ಒಪ್ಪಬೇಡಿ. ಹೊಡೆಯುವುದಿಲ್ಲದ ಚೌಕಾಬಾರ ಕವಡೆ ಎಣಿಸುವ ಕೆಲಸವಷ್ಟೆ. ನಾಲ್ವರು ಕೂರಬಹುದಾದ್ದರಿಂದ ಅಪ್ಪ, ಅಮ್ಮ, ಅಜ್ಜಿ, ಮಗು ಎಲ್ಲರಿಗೂ ಒಟ್ಟಿಗೆ ಸಲ್ಲುವ ಗುಣ ಇದಕ್ಕಿದೆ. ಅಳಗುಳಿಮಣೆಯಲ್ಲಿ ಇಬ್ಬರು ಆಡಿದರೆ ಉಳಿದಿಬ್ಬರು ಬೇಗನೆ ಫೋನಿನತ್ತ ತಿರುಗುತ್ತಾರೆ. ಚೌಕಾಬಾರದಲ್ಲಿ ತನ್ನ ಕಾಯಿ ಯಾವಾಗ ಏಟು ತಿನ್ನುವುದೋ ಎಂಬ ಭಯಕ್ಕೆ ಯಾರೂ ಕಣ್ಣು ಕೀಳುವುದಿಲ್ಲ.

ಇವೇ ಆಟಗಳು ಫೋನಿನಲ್ಲೂ ಸಿಗುತ್ತವೆ. 2020ರ ಲಾಕ್‌ಡೌನಿನಲ್ಲಿ ಬೇರೆ ಬೇರೆ ಊರುಗಳಲ್ಲಿ ಸಿಕ್ಕಿಕೊಂಡ ಕುಟುಂಬಗಳು ಲೂಡೋವನ್ನು ತೆರೆಯ ಮೇಲೆ ಆಡಿದ್ದನ್ನು ನೆನೆದರೆ ಅವನ್ನು ಹಗುರವಾಗಿ ಕಾಣಲಾಗದು; ಅಮೆರಿಕದಲ್ಲಿರುವ ಮೊಮ್ಮಗನೊಡನೆ ಆಡಲು ಅಜ್ಜನಿಗೆ ಬೇರೆ ದಾರಿಯಿಲ್ಲ. ಆದರೆ ಆ್ಯಪ್‌ನಲ್ಲಿ ಎಣಿಕೆಯನ್ನು ಯಂತ್ರವೇ ಮಾಡುತ್ತದೆ, ಕಳ್ಳಾಟಕ್ಕೆ ಅವಕಾಶವಿಲ್ಲ. ಕಾಯಿಯೊಂದನ್ನು ಅಂಗೈಯಲ್ಲಿ ಅಡಗಿಸಿಕೊಳ್ಳುವುದು, ಅದನ್ನು ಇನ್ನೊಬ್ಬರು ಹಿಡಿಯುವುದು, ಹಿಡಿದವರ ಮೇಲೆಯೇ ಜೋರು ಮಾಡುವುದು, ಇವೆಲ್ಲ ನಮ್ಮ ಮನೆಯಲ್ಲಿ ಅರ್ಧ ಆಟ.

ಒಟ್ಟಿನಲ್ಲಿ ಏನನ್ನು ಕೊಳ್ಳಬೇಕೆಂದರೆ, ಮೊದಲು ಬಟ್ಟೆಯ ಚೌಕಾಬಾರವನ್ನು ಕೊಳ್ಳಿ. ಬೆಲೆ ಕಡಿಮೆ, ಪ್ರಯಾಣಕ್ಕೆ ಒಯ್ಯಬಹುದು, ಕಲಿಯುವುದು ಸುಲಭ. ಬಟ್ಟೆ ಹರಿದರೂ ಆಟ ನೆನಪಿನಲ್ಲಿದ್ದರೆ ಹಾಳೆಯ ಮೇಲೆ ಗೆರೆ ಎಳೆದರೆ ಸಾಕು. ಆಟ ಬಲ್ಲ ಹಿರಿಯರು ಮನೆಯಲ್ಲಿ ಅಥವಾ ನೆರೆಯಲ್ಲಿ ಇದ್ದರೆ ಅಳಗುಳಿಮಣೆಯನ್ನೂ ಕೊಳ್ಳಬಹುದು, ಆದರೆ ಮಡಚುವುದಕ್ಕಿಂತ ಒಂದೇ ತುಂಡಿನದನ್ನು ಆರಿಸಿ. ಅಂಗಡಿಯಲ್ಲೇ ಒಂದು ಗುಳಿಗೆ ಹದಿನೈದು ಕಾಯಿ ಸುರಿದು ಹೊರಚೆಲ್ಲದೆ ನಿಲ್ಲುತ್ತವೆಯೇ ಎಂದು ನೋಡಿ, ಬಣ್ಣ ಬಳಿದಿದ್ದರೆ ಯಾವ ಬಣ್ಣವೆಂದು ಕೇಳಿ, ಗುಲಗಂಜಿ ಕೊಟ್ಟರೆ ಹಿಂದಿರುಗಿಸಿ ಕವಡೆಯನ್ನೋ ಹುಣಸೆಬೀಜವನ್ನೋ ಪಡೆಯಿರಿ. ತವರಿನ ಅಥವಾ ಅಜ್ಜನ ಮನೆಯ ಅಟ್ಟದ ಮೇಲೆ ಹಳೆಯ ಮಣೆಯೇನಾದರೂ ಇದ್ದೀತೇ ಎಂದು ದುಡ್ಡು ಕೊಡುವ ಮೊದಲು ಒಮ್ಮೆ ಫೋನು ಮಾಡಿ ವಿಚಾರಿಸುವುದು ಒಳ್ಳೆಯದು. ಗೆದ್ದಲು ಹಿಡಿಯದಿದ್ದರೆ ಮೇಳದಲ್ಲಿ ಸಿಗುವ ಯಾವ ಮಣೆಗಿಂತಲೂ ಅದರ ಗುಳಿ ಆಳವಾಗಿರುವ ಸಾಧ್ಯತೆಯೇ ಹೆಚ್ಚು.